ಮಂತ್ರಿಗಳಿಗಾಗಿ ಕಾದ ಹಾಸ್ಟೆಲು

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳಲ್ಲಿ ನಾನು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಕೆಲಸ ಮಾಡಿದ್ದೇನೆ. ಇದು ಯಾವ ಊರಲ್ಲಿ ನಡೆದದ್ದು ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನ ಹುಡುಗಿಯರನ್ನು ಜನ ಬೆರಳು ಮಾಡಿ ತೋರಿಸುತ್ತಾರೆ, ಮಾಡಿದವರನ್ನಲ್ಲ.

ಆಗ ಬೆಂಗಳೂರಿನಲ್ಲಿ ಎರಡು ಪಕ್ಷ ಸೇರಿ ನಡೆಸುವ ಸಮ್ಮಿಶ್ರ ಸರ್ಕಾರವಿತ್ತು. ನಮ್ಮ ಹಾಸ್ಟೆಲು ಬಾಡಿಗೆ ಮನೆಯಲ್ಲಿತ್ತು. ಎರಡು ಖೋಲಿ, ಒಂದು ಪಡಸಾಲೆ, ನಲವತ್ತೆರಡು ಹುಡುಗಿಯರು, ಒಂದೇ ಪಾಯಖಾನೆ. ನಸುಕಿಗೇ ಪಾಳಿ ಶುರುವಾಗುತ್ತಿತ್ತು. ಸ್ನಾನಕ್ಕೆ ಹಿತ್ತಲಲ್ಲಿ ತಾಡಪತ್ರಿ ಕಟ್ಟಿದ್ದೆವು. ಗಾಳಿ ಬೀಸಿದರೆ ಇಬ್ಬರು ಹುಡುಗಿಯರು ಅದರ ಎರಡು ತುದಿ ಹಿಡಿದು ನಿಲ್ಲಬೇಕು.

ಊರಾಚೆ ಹೊಸ ಕಟ್ಟಡ ಸಿದ್ಧವಾಗಿ ನಿಂತಿತ್ತು. ಎರಡು ಅಂತಸ್ತು, ಎಂಟು ಬಚ್ಚಲು, ಎಂಟು ಪಾಯಖಾನೆ, ನಳದಲ್ಲಿ ನೀರು. ಅದರ ಬಾಗಿಲಿಗೆ ಕೀಲಿ ಜಡಿದಿತ್ತು. ಯಾಕೆಂದರೆ ಉದ್ಘಾಟನೆ ಆಗಿರಲಿಲ್ಲ.

ಮೊದಲ ಸಲ ದಿನ ಗೊತ್ತಾದಾಗ ಹುಡುಗಿಯರು ಟ್ರಂಕು ಕಟ್ಟಿ ಕೂತರು. ನಮ್ಮ ಇಲಾಖೆಯ ಮಂತ್ರಿ ಸಣ್ಣ ಪಕ್ಷದವರು, ಜಿಲ್ಲಾ ಉಸ್ತುವಾರಿ ಮಂತ್ರಿ ದೊಡ್ಡ ಪಕ್ಷದವರು. ಆಮಂತ್ರಣ ಪತ್ರಿಕೆಯಲ್ಲಿ ಉಸ್ತುವಾರಿ ಮಂತ್ರಿಗಳ ಹೆಸರು ಮೂರನೆಯದಾಗಿ, ಸಣ್ಣ ಅಕ್ಷರದಲ್ಲಿ ಬಂದಿತ್ತು. ಅವರ ಕಡೆಯವರು ಬಂದು ಗಲಾಟೆ ಮಾಡಿದರು, ಕಾರ್ಯಕ್ರಮ ನಿಂತಿತು. ಎರಡನೇ ಸಲ ದಿನ ಗೊತ್ತಾಗುವಷ್ಟರಲ್ಲಿ ಖಾತೆಗಳು ಅದಲುಬದಲಾಗಿ ನಮ್ಮ ಇಲಾಖೆ ದೊಡ್ಡ ಪಕ್ಷಕ್ಕೆ ಹೋಗಿತ್ತು. ‘ಹಣ ಮಂಜೂರು ಮಾಡಿಸಿದ್ದು ನಮ್ಮವರು, ಕಲ್ಲಿನ ಮೇಲೆ ಅವರ ಹೆಸರೇ ಇರಬೇಕು’ ಎಂದು ಸಣ್ಣ ಪಕ್ಷದವರು ಹಟ ಹಿಡಿದು ಕೂತರು. ಮತ್ತೆ ನಿಂತಿತು. ಎರಡೂ ಸಲ ಕೆತ್ತಿಸಿ ಗೋಡೆಗೆ ಒರಗಿಸಿಟ್ಟಿದ್ದ ನಾಮಫಲಕಗಳ ಮೇಲೆ ನಾಯಿ ಕಾಲೆತ್ತಿದ್ದನ್ನು ನಾನೇ ನೋಡಿದ್ದೇನೆ. ಓಡಿಸಲಿಲ್ಲ.

ಹಾಗೆ ಹನ್ನೊಂದು ತಿಂಗಳು.

ನಾನೂ ಇಂಥದೇ ಹಾಸ್ಟೆಲಿನಲ್ಲಿ ಓದಿದವಳು. ಅಪ್ಪ ಅಫಜಲಪುರದ ಕಡೆ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಅವನ ಕಾಲಕ್ಕೇ ನಮ್ಮ ಮನೆಯವರು ಬೌದ್ಧರಾದರು. ‘ಸರ್ಕಾರದ ಅನ್ನ ಉಣ್ಣಾಕತ್ತೀನಿ ಅಂತ ತಲಿ ತಗ್ಗಿಸಬ್ಯಾಡ, ಅದು ನಿನ್ನ ಹಕ್ಕು’ ಎಂದು ನನ್ನನ್ನು ಹಾಸ್ಟೆಲಿಗೆ ಬಿಟ್ಟುಹೋಗುವಾಗ ಹೇಳಿದ್ದ. ನಾನು ನನ್ನ ಹುಡುಗಿಯರಿಗೆ ಅದೇ ಮಾತು ಹೇಳುತ್ತಿದ್ದೆ. ತಾಡಪತ್ರಿ ಹಿಡಿದು ನಿಂತವರಿಗೆ ಅದನ್ನು ಹೇಳಲು ಆ ವರ್ಷ ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಸರ್ಕಾರವೇ ಅಲುಗಾಡತೊಡಗಿತು. ಸಿಟ್ಟಾದ ಶಾಸಕರು ಒಂದು ರೆಸಾರ್ಟಿಗೆ ಹೋದರು, ಉಳಿದವರು ಜಾರಿಹೋಗದಂತೆ ಪಕ್ಷದವರು ಅವರನ್ನು ಇನ್ನೊಂದು ರೆಸಾರ್ಟಿನಲ್ಲಿಟ್ಟು ಕಾದರು. ನಮ್ಮ ಅಡುಗೆಯಾಕೆ ಗೊಬ್ಬೂರಿನ ಹೆಂಗಸು, ಗಂಡ ತೀರಿದ ಮೇಲೆ ಹಾಸ್ಟೆಲಿಗೆ ಬಂದವಳು. ರೊಟ್ಟಿ ಬಡಿಯುತ್ತ ಟೀವಿಯಲ್ಲಿ ತೋರಿಸುತ್ತಿದ್ದ ರೆಸಾರ್ಟು ನೋಡಿ ಅಂದಳು: “ಮೇಡಮ್ಮೋರ, ನೋಡ್ರಿ, ಎಷ್ಟ್ ನಮೂನಿ ನಾಷ್ಟಾ ಇಟ್ಟಾರ. ಇಲ್ಲಿ ನಮ್ಮ ಹುಡುಗೇರು ನೀರ್ ಕುಡಿಯೂದ ಬಿಟ್ಟಾರ.”

“ನೀರು ಬಿಟ್ಟಾರ? ಯಾಕ?” ಎಂದೆ. ಅವಳು ನನ್ನನ್ನೇ ನೋಡಿ, ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ಉತ್ತರ ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಹತ್ತನೇ ಇಯತ್ತೆ ಓದುತ್ತಿದ್ದ ಒಬ್ಬ ಹುಡುಗಿಗೆ ಮೈ ಸುಡುವಷ್ಟು ಜ್ವರ ಬಂತು. ಅವಳ ಅವ್ವ ಅಪ್ಪ ಹವಳಗಾ ಕಡೆ ಕಬ್ಬು ಕಡಿಯಲು ಹೋಗಿದ್ದರು. ನಾನೇ ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆ. ಪರೀಕ್ಷೆ ಮಾಡಿದ ಡಾಕ್ಟರಮ್ಮ, ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಹೋಗಿದೆ ಎಂದರು. ಹುಡುಗಿಯನ್ನು ಬೈದರು ಕೂಡ: “ನೀರ್ ಯಾಕ್ ಕುಡಿಯಂಗಿಲ್ಲವಾ?”

ಹುಡುಗಿ ನನ್ನ ಮುಖ ನೋಡಿ, ತಪ್ಪು ಮಾಡಿದವಳ ಹಾಗೆ ಹೇಳಿದಳು: “ನೀರ್ ಕುಡದ್ರ ಹೊರಗ ಹೋಗ್ಬೇಕಾಗ್ತದ್ರಿ. ಪಾಳಿ ಬರೂದ್ರಾಗ ಸಾಲಿ ಗಂಟಿ ಹೊಡಿತದ್ರಿ. ನಾವೆಲ್ಲಾರೂ ಹಂಗೇ ಮಾಡ್ತೀವ್ರಿ.”

ಎಲ್ಲರೂ. ನಲವತ್ತೆರಡು ಹುಡುಗಿಯರು ಬಾಯಾರಿಕೊಂಡು ಕೂತಿದ್ದರು, ವಾರ್ಡನ್ ಆದ ನನಗೆ ಗೊತ್ತೇ ಇರಲಿಲ್ಲ. ನಾಚಿಕೆ ಮೊದಲು ಬಂತು. ಅದರ ಹಿಂದೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಡುಗೆಯಾಕೆಯನ್ನು ದವಾಖಾನೆಗೆ ಕರೆಸಿ ಹುಡುಗಿಯನ್ನು ಒಪ್ಪಿಸಿ, ಅಲ್ಲಿಂದ ನೇರವಾಗಿ ನಮ್ಮ ಇಲಾಖೆಯ ತಾಲೂಕು ಅಧಿಕಾರಿಯ ಕಚೇರಿಗೆ ಹೋದೆ. ಮನುಷ್ಯ ಕೆಟ್ಟವನಲ್ಲ, ಹೆದರುಪುಕ್ಕಲ. ಹುಡುಗಿಯ ವಿಷಯ ಹೇಳಿ ಹೊಸ ಕಟ್ಟಡದ ಕೀಲಿಕೈ ಕೇಳಿದೆ.

“ಕೀಲಿಕೈ ನನ್ನ ಕಡೇನೇ ಅದ ಮೇಡಂ. ಆದ್ರ ಕೊಡಾಕ ಬರಂಗಿಲ್ಲ. ಮಂತ್ರಿಗಳು ಟೇಪ್ ಕತ್ತರಿಸೂಕಿಂತ ಮೊದಲ ಹುಡುಗೇರ್ನ ಬಿಟ್ರ ಶಿಷ್ಟಾಚಾರದ ಪ್ರಶ್ನೆ ಬರ್ತದ.”

“ಯಾವ ಮಂತ್ರಿಗಳ್ರಿ ಸಾಹೇಬ್ರ?”

ಅವರು ಮೇಜಿನ ಮೇಲಿನ ಪೇಪರು ಮಡಚಿಟ್ಟರು. ಸಿಟ್ಟಾದ ಶಾಸಕರಿಗೆ ಸಂಪುಟದಲ್ಲಿ ಜಾಗ ಮಾಡಿಕೊಡಲೆಂದು ಮಂತ್ರಿಗಳೆಲ್ಲ ಒಟ್ಟಿಗೆ ರಾಜೀನಾಮೆ ಕೊಟ್ಟ ಸುದ್ದಿ ಆವತ್ತು ಮುಂಜಾನೆಯಷ್ಟೇ ಬಂದಿತ್ತು.

“ಸದ್ಯಕ್ಕ ಯಾರೂ ಇಲ್ರಿ,” ಎಂದರು ಮೆಲ್ಲಗೆ. “ಹೊಸ ಸಂಪುಟ ಆಗ್ಲಿ, ನೋಡೋಣು.”

“ಇಲ್ದೇ ಇರೋ ಮಂತ್ರಿ ಸಲುವಾಗಿ ಇರೋ ಹುಡುಗೇರು ಸಾಯಬೇಕೇನ್ರಿ?”

“ಜೋರ್ ಮಾತಾಡಬ್ಯಾಡ್ರಿ ಮೇಡಂ. ನನಗೂ ನೌಕ್ರಿ ಅದ.”

ಮರುದಿನ ಭಾನುವಾರ. ಮುಂಜಾನೆ ಹತ್ತು ಗಂಟೆಗೆ, ಊರೆಲ್ಲ ನೋಡುವ ಹಾಗೆ, ನಾನು ಮತ್ತು ಅಡುಗೆಯಾಕೆ ಹೊಸ ಕಟ್ಟಡಕ್ಕೆ ಹೋದೆವು. ಒಲೆಗೆ ಕಟ್ಟಿಗೆ ಒಡೆಯುವ ಕೊಡಲಿ ಅವಳ ಕೈಯಲ್ಲಿತ್ತು. “ನೀವ್ ಸರೀರಿ ಮೇಡಮ್ಮೋರ, ನಿಮ್ದು ಸರ್ಕಾರಿ ಕೈ,” ಎಂದಳು. ನಾನು ಬಿಡಲಿಲ್ಲ. ಕೊಡಲಿ ಇಸಿದುಕೊಂಡು ಅದರ ಹಿಂಬದಿಯಿಂದ ನಾನೇ ಹೊಡೆದೆ. ನಾಲ್ಕನೇ ಏಟಿಗೆ ಕೀಲಿ ಬಿತ್ತು. ಹುಡುಗಿಯರು ಟ್ರಂಕು ಹೊತ್ತು ಬಂದು, ಎಲ್ಲವನ್ನೂ ಅಂಗಳದಲ್ಲೇ ಬಿಟ್ಟು, ಒಳಗೆ ಓಡಿ ಎಂಟೂ ಬಚ್ಚಲಿನ ನಳ ಬಿಟ್ಟರು. ಬೈಯಬೇಕೆನಿಸಿತು, ಬೈಯಲಿಲ್ಲ. ಸಂಜೆ ಕೂತು, ಕೀಲಿ ಒಡೆದವಳು ನಾನೇ ಎಂದು ಬರೆದು ಸಹಿ ಮಾಡಿ ಕಚೇರಿಗೆ ಕಳಿಸಿದೆ.

ನೋಟಿಸು ಬುಧವಾರವೇ ಬಂತು. ಜೊತೆಗೆ ಒಂದು ದೂರಿನ ಪ್ರತಿ: ವಾರ್ಡನ್ ಸಚಿವರಿಗೆ ಅವಮಾನ ಮಾಡಿದ್ದಾರೆ, ಕೂಡಲೇ ಕ್ರಮ ಕೈಗೊಳ್ಳಬೇಕು. ಕೆಳಗೆ ಎರಡೂ ಪಕ್ಷಗಳ ಸ್ಥಳೀಯ ಮುಖಂಡರ ಸಹಿಗಳು ಅಕ್ಕಪಕ್ಕದಲ್ಲಿದ್ದವು. ಹನ್ನೊಂದು ತಿಂಗಳಲ್ಲಿ ಅವರಿಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಅದೊಂದೇ ಸಲ. ಉದ್ಘಾಟನೆಗೆ ಒಂದು ದಿನ ಗೊತ್ತುಮಾಡಲು ಹನ್ನೊಂದು ತಿಂಗಳು ಸಾಲದವರಿಗೆ ನನ್ನ ಶಿಕ್ಷೆಗೆ ಮೂರು ದಿನ ಸಾಕಾಗಿತ್ತು.

ತಿಂಗಳೊಳಗೆ ಸರ್ಕಾರ ಬಿತ್ತು. ನನ್ನ ಮೇಲಿನ ವಿಚಾರಣೆ ಬೀಳಲಿಲ್ಲ. ಕಲಬುರಗಿಯಿಂದ ಬಂದ ವಿಚಾರಣಾಧಿಕಾರಿ ಒಂದೇ ಪ್ರಶ್ನೆಯನ್ನು ತಿರುತಿರುಗಿ ಕೇಳಿದರು: “ಯಾರ ಅನುಮತಿ ತಗೊಂಡ್ರಿ?” ನಾನು ದವಾಖಾನೆಯ ಚೀಟಿ ಅವರ ಮುಂದಿಟ್ಟೆ. ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ವಾಪಸು ಕೊಟ್ಟರು. ವಾಗ್ದಂಡನೆ ಮತ್ತು ವರ್ಗಾವಣೆ ಆಯಿತು. ಆದರೆ ಹುಡುಗಿಯರನ್ನು ಹೊರಗೆ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ಜ್ವರ ಬಂದಿದ್ದವಳು ಹತ್ತು ದಿನಕ್ಕೆ ಎದ್ದು ಕೂತಳು, ಪರೀಕ್ಷೆ ಬರೆದು ಪಾಸಾದಳು.

ಮರುವರ್ಷ ಅಡುಗೆಯಾಕೆ ಫೋನು ಮಾಡಿದಳು. ಹೊಸ ಸರ್ಕಾರದ ಮಂತ್ರಿ ಉದ್ಘಾಟನೆಗೆ ಬಂದಿದ್ದರಂತೆ. ವರ್ಷದಿಂದ ಒಳಗಿದ್ದ ಹುಡುಗಿಯರನ್ನು ಬಿಸಿಲಿಗೆ ಹೊರಗೆ ನಿಲ್ಲಿಸಿ, ಟೇಪು ಕತ್ತರಿಸಿ, ಮತ್ತೆ ಒಳಗೆ ಕಳಿಸಿದರಂತೆ. “ಚಪ್ಪಾಳಿ ಹೊಡೀರಿ ಅಂದ್ರು, ಹೊಡದ್ರು ಪಾಪ,” ಎಂದಳು.

ಈಗ ಆಳಂದ ತಾಲೂಕಿನಲ್ಲಿದ್ದೇನೆ. ಕಡಗಂಚಿಯ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ನಿವೃತ್ತಿಗೆ ಮೊದಲು ಅರ್ಜಿ ಹಾಕಿ ಸೇವಾ ಪುಸ್ತಕದಿಂದ ಆ ವಾಗ್ದಂಡನೆ ತೆಗೆಸಿಕೊಳ್ಳಿ ಎಂದು ಜೊತೆಯವರು ಹೇಳುತ್ತಾರೆ. ಅರ್ಜಿಯಲ್ಲಿ ‘ತಪ್ಪಾಯಿತು’ ಎಂದು ಬರೆಯಬೇಕಂತೆ. ನಾನು ಬರೆದಿಲ್ಲ. ಬರೆಯುವುದೂ ಇಲ್ಲ.