ಕುರುಗೋಡಿನ ಮಾಸ್ತರು, ನನ್ನ ಜಾಝ್

ಆ ಎರಡು ವರ್ಷ ಎಂದರೆ ನನಗೆ ಮೊದಲು ನೆನಪಾಗುವುದು ಸಂಗೀತವೂ ಅಲ್ಲ, ಇತಿಹಾಸವೂ ಅಲ್ಲ, ನಿದ್ದೆ. ಬೆಳಗ್ಗೆ ಸಿರುಗುಪ್ಪದಿಂದ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ ಇತಿಹಾಸದ ಎಂ.ಎ. ತರಗತಿಯಲ್ಲಿ ಕೂರುತ್ತಿದ್ದೆ. ವಾರಕ್ಕೆರಡು ದಿನ ಅಲ್ಲಿಂದ ಕುರುಗೋಡಿಗೆ, ಸ್ಯಾಕ್ಸೋಫೋನ್ ಪಾಠಕ್ಕೆ. ಭಾನುವಾರ ಬೆಂಗಳೂರಿನ ಸಂಗೀತ ಶಾಲೆಯೊಂದರ ಜಾಝ್ ಡಿಪ್ಲೊಮಾ, ಮೊಬೈಲಿನಲ್ಲಿ. ಬಸ್ಸಿನಲ್ಲಿ ಮಡಿಲ ಮೇಲೆ ವಾದ್ಯದ ಪೆಟ್ಟಿಗೆ, ಅದರ ಮೇಲೆ ನೋಟ್ಸು, ನೋಟ್ಸಿನ ಮೇಲೆ ನನ್ನ ತಲೆ. "ಎರಡು ದೋಣಿ ಮ್ಯಾಲೆ ಕಾಲಿಟ್ಟಿ, ಈಜಾಕರ ಕಲ್ತೀಯೇನು?" ಎಂದು ಅವ್ವ ಕೇಳುತ್ತಿದ್ದಳು. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು.

ಕುರುಗೋಡಿನ ಮಾಸ್ತರು ಮದುವೆ ಬ್ಯಾಂಡಿನವರು. ಜಾಝ್ ಎಂಬ ಪದವನ್ನು ಅವರು ಮೊದಲು ಕೇಳಿದ್ದೇ ನನ್ನ ಬಾಯಲ್ಲಿ. ಹಾಡನ್ನು ಒಮ್ಮೆ ಇದ್ದಂತೆ ನುಡಿಸಿ, ಆಮೇಲೆ ಅದೇ ಅಳತೆಯೊಳಗೆ ನಮ್ಮದನ್ನು ನಿಂತ ನಿಲುವಿನಲ್ಲೇ ಹುಟ್ಟಿಸಬೇಕು ಎಂದು ವಿವರಿಸಿದೆ. ಅವರು ನಕ್ಕರು.

"ಮೆರವಣಿಗಿ ಹಾದ್ಯಾಗ ನಿಂತ್ರ ನಾವು ಮಾಡೋದೂ ಅದನ್ನ ಅಲ್ಲೇನು ತಂಗಿ? ಬೀಗರು ಮುಂದ ಹೋಗೋತನಕ ಹಾಡು ಎಳೀಬೇಕಲ್ಲ."

ನನಗೆ ಬರದಿದ್ದದ್ದು ಅದೇ. ಪರೀಕ್ಷೆಗೆ ಓದಿ ಓದಿ ಬಂದ ಬುದ್ಧಿ. ಆಗಿಂದಾಗ ಹುಟ್ಟಬೇಕಾದದ್ದನ್ನು ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಬರೆದು, ಕೆಂಪು ಗೆರೆ ಎಳೆದು, ಬಾಯಿಪಾಠ ಮಾಡುತ್ತಿದ್ದೆ. ಬೆಂಗಳೂರಿನ ಮೇಷ್ಟ್ರು ಪ್ರತಿ ಭಾನುವಾರ ಹಿಡಿದುಬಿಡುತ್ತಿದ್ದರು. "ಇದು ಬರೆದಿಟ್ಟಿದ್ದು. ಪರೀಕ್ಷೇಲಿ ಹೀಗೇ ನುಡಿಸಿದರೆ ಫೇಲ್ ಮಾಡ್ತೀನಿ." ಫೇಲಾದರೆ ನನ್ನ ಜಾಝ್ ಅಲ್ಲಿಗೇ ಮುಗಿಯಿತು. ಅವ್ವ ಇನ್ನೊಂದು ವರ್ಷ ಒಪ್ಪುವವಳಲ್ಲ.

ಪರೀಕ್ಷೆಗೆ ತಿಂಗಳಿದ್ದಾಗ ಮಾಸ್ತರೇ ದಾರಿ ಹೇಳಿದರು. "ಸಿರುಗುಪ್ಪದಾಗ ಮದಿವಿ ಐತಿ. ನಮ್ಮ ಜೋಡಿ ನುಡಸು ಬಾ. ಒಂದ್ ಮೆರವಣಿಗಿ ನಡದಿ ಅಂದ್ರ ಆ ಪುಸ್ತಕ ಮರತು ಹೋಗ್ತೈತಿ."

ಸಿರುಗುಪ್ಪ! ನಮ್ಮ ಓಣಿಯ ಮುಂದೆ, ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು, ಎಂ.ಎ. ಓದುವ ಹುಡುಗಿ! ಬೇರೆ ಊರಾಗಿದ್ದರೆ ಹೋಗುತ್ತಿದ್ದೆನೋ ಏನೋ. ನನಗೆ ನಾಚಿಕೆಯಾಯಿತು, ಅದೂ ನನಗೆ ಕಲಿಸಿದವರ ಕೋಟಿನ ಬಗ್ಗೆ. ಅವತ್ತು ಸೆಮಿನಾರ್ ಇದೆ ಎಂದು ಸುಳ್ಳು ಹೇಳಿದೆ. "ಆತು ಬಿಡವ್ವ, ಓದು ಮೊದ್ಲು" ಎಂದರು.

ಮದುವೆಯ ದಿನ ಬೆಳಗ್ಗೆ ನಮ್ಮ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಗಳ ಹಿಂದೆ ನಿಂತು ನೋಡಿದೆ. ಭತ್ತದ ಲಾರಿಯೊಂದು ಅಡ್ಡ ಬಂದು ಮೆರವಣಿಗೆ ನಿಂತಿತು. ಬ್ಯಾಂಡಿನ ಉಳಿದವರು ಬೆವರು ಒರೆಸಿಕೊಂಡರು. ಮಾಸ್ತರು ಮಾತ್ರ ಎಳೆದರು. ಹಾಡನ್ನು ಕೆಳಗಿಳಿಸಿ, ತಡೆದು, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆಲ್ಲಿಂದಲೋ ಎತ್ತಿಕೊಂಡು ಬಂದರು. ಅಷ್ಟನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಪರೀಕ್ಷೆಯವರೆಗೂ ಬಸ್ಸಿನಲ್ಲಿ ಅದನ್ನೇ ಕೇಳಿ, ಅವರು ಉಸಿರೆಳೆದ ಜಾಗವನ್ನೂ ಬಿಡದೆ ಕಲಿತು, ಶ್ರುತಿ ಬದಲಿಸಿ ಪರೀಕ್ಷೆಯ ಹಾಡಿನೊಳಗೆ ಕೂರಿಸಿದೆ. ಮತ್ತೆ ಬಾಯಿಪಾಠವೇ. ಹಳೇ ಗಂಡನ ಪಾದವೇ ಗತಿ.

ಪರೀಕ್ಷೆಯಲ್ಲಿ ಆ ತುಣುಕು ಬಂದಾಗ ಬೆಂಗಳೂರಿನ ಮೇಷ್ಟ್ರು ಪರದೆಯೊಳಗೆ ಮುಂದಕ್ಕೆ ಬಾಗಿದರು. ಮುಗಿದ ಮೇಲೆ ಕೇಳಿದರು: "ಅದು ಈಗಲೇ ಹೊಳೀತಾ? ನಿನ್ನದೇನಾ?"

"ಹೌದು ಸರ್" ಎಂದೆ. ಎಂ.ಎ. ಪ್ರಬಂಧದಲ್ಲಿ ಸಾಲು ಸಾಲಿಗೂ ಆಕರ ಬರೆಯುವವಳು ನಾನು. ಆದರೆ ಅವತ್ತು ಎಷ್ಟು ದಣಿದಿದ್ದೆನೆಂದರೆ ಪಾಸಾದರೆ ಸಾಕಾಗಿತ್ತು. ಪಾಸಾದೆ.

ಪೇಡೆ ತೆಗೆದುಕೊಂಡು ಕುರುಗೋಡಿಗೆ ಹೋದೆ. ಪರೀಕ್ಷೆಯ ರೆಕಾರ್ಡಿಂಗ್ ಕೇಳಿಸು ಎಂದು ಮಾಸ್ತರು ಪಟ್ಟು ಹಿಡಿದರು. ಕಣ್ಣು ಮುಚ್ಚಿ ಕೇಳಿದರು. ಆ ಜಾಗ ಬಂದದ್ದೇ ಕೈ ಎತ್ತಿ ನಿಲ್ಲಿಸಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ಇದೇನವ್ವ ಇದು! ಎಷ್ಟ್ ಚಲೋ ತಿರುವಿಕೊಂಡು ಬಂದಿ!"

ಅವರಿಗೆ ಗೊತ್ತೇ ಆಗಿರಲಿಲ್ಲ. ಅವತ್ತು ಲಾರಿ ಸರಿದ ಕೂಡಲೇ ಅದು ಅವರ ಪಾಲಿಗೆ ಮುಗಿದುಹೋಗಿತ್ತು. ಪೆಟ್ಟಿಗೆಯಿಂದ ತಮ್ಮ ವಾದ್ಯ ತೆಗೆದು ನನ್ನೆದುರು ಕೂತರು. "ನಂಗೂ ಅದನ್ನ ಹೇಳಿಕೊಡು."

ನಿಜ ಹೇಳಬೇಕಿತ್ತು. ಹೇಳಿದರೆ ಸೆಮಿನಾರಿನ ಸುಳ್ಳೂ, ಮಾಳಿಗೆಯ ಮೇಲೆ ಅಡಗಿ ನಿಂತದ್ದೂ ಹೇಳಬೇಕಿತ್ತು. ಸುಮ್ಮನೆ ನುಡಿಸಿ ತೋರಿಸಿದೆ. ಮೂರನೇ ಸಲಕ್ಕೆ ಅವರಿಗೆ ಬಂತು.

"ನಿಮ್ಮಂಗ ಓದಿದವ್ರಿಗೆ ಹೊಳೀತಾವ ಬಿಡವ್ವ ಇಂಥವು" ಎಂದು ಮಾಸ್ತರು ಪೇಡೆ ಬಾಯಿಗೆ ಹಾಕಿಕೊಂಡರು.