ಕಬಡ್ಡಿ ಪಂದ್ಯದ ದಿನ ಬಂದಿಳಿದ ಸೋದರತ್ತೆ

ನಾನು ತಿಪಟೂರು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದೇನೆ. ಊರಿನ ಕ್ರೀಡಾಂಗಣದಲ್ಲಿ ಕಬಡ್ಡಿ ಪಂದ್ಯವಿದ್ದ ದಿನ ಪ್ಯಾಸೆಂಜರ್ ಗಾಡಿಯಿಂದ ಇಳಿದವರೆಲ್ಲ ಒಂದೇ ದಿಕ್ಕಿಗೆ ನಡೆಯುತ್ತಾರೆ. ಹೋದ ವರ್ಷ ಅಂಥದೇ ಒಂದು ಭಾನುವಾರ ಅರಸೀಕೆರೆಯಿಂದ ನನ್ನ ಸೋದರತ್ತೆ ಬರುವವರಿದ್ದರು. ಅವರು ಒಬ್ಬರೇ ರೈಲು ಹತ್ತಿದ್ದು ಅದೇ ಮೊದಲು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿರಿ, ಕೆಲಸ ಮುಗಿಸಿ ಬರುತ್ತೇನೆ ಎಂದು ಹೇಳಿದ್ದೆ.

ಬಂದು ನೋಡಿದರೆ ಬೆಂಚು ಖಾಲಿ. ಫೋನೂ ಎತ್ತಲಿಲ್ಲ. ನನಗೆ ಗಾಬರಿಯಾಯಿತು. ಟೀ ಅಂಗಡಿಯಾತ ನಕ್ಕು, "ಹಸಿರು ಸೀರೆ ಅಜ್ಜಿ ತಾನೇ? ಜನದ ಜೊತೆ ಆಟ ನೋಡಕ್ಕೆ ಹೋದ್ರು ಕಣಕ್ಕ" ಎಂದ.

ಓಡಿದೆ. ಹೆಣ್ಣುಮಕ್ಕಳ ಪಂದ್ಯ ನಡೆಯುತ್ತಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಎದ್ದು ನಿಂತು, "ಕಾಲು ಹಿಡ್ಕಳ್ರೇ, ಬುಡಬೇಡಿ!" ಎಂದು ಕೂಗುತ್ತಿದ್ದರು.

"ಅತ್ತೆ, ಇಲ್ಲಿಗ್ಯಾಕೆ ಬಂದ್ರಿ?"

"ಎಲ್ರೂ ಬಿರಬಿರನೆ ಹೋಗ್ತಿದ್ರು ಕಣೇ, ಏನೈತೋ ನೋಡನ ಅಂತ ಬಂದೆ. ಕೂತ್ಕೋ, ಇನ್ನೂ ಅರ್ಧ ಆಟ ಐತೆ."

ಬೈಯಬೇಕೆಂದು ಬಂದವಳು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ನಾನೂ ಕೂಗತೊಡಗಿದೆ.

ಅತ್ತೆ ಮೆಚ್ಚಿದ ತಂಡ ಒಂದೇ ಅಂಕದಿಂದ ಸೋತಿತು. ಅವರು ಸೀದಾ ಅಂಗಳಕ್ಕಿಳಿದು, ಅಳುತ್ತಿದ್ದ ಆಟಗಾರ್ತಿಯೊಬ್ಬಳ ತಲೆ ಸವರಿ, ನನಗೆಂದು ತಂದಿದ್ದ ಕೊಬ್ಬರಿ ಮಿಠಾಯಿಯನ್ನು ಇಡೀ ತಂಡಕ್ಕೆ ಹಂಚಿಬಿಟ್ಟರು.

"ನಿಂಗೆ ನಾಳೆ ಮಾಡ್ಕೊಡ್ತೀನಿ ಬುಡು" ಎಂದರು ನನಗೆ.

ಮನೆ ಸೇರುವವರೆಗೂ ರೆಫರಿಯನ್ನು ಬೈಯುತ್ತಲೇ ಇದ್ದರು. ನಿಜ ಹೇಳಬೇಕೆಂದರೆ, ಎದುರು ತಂಡಕ್ಕೆ ಕೊಟ್ಟ ಆ ಕೊನೆಯ ಅಂಕ ನನಗೂ ಸರಿಯೆನಿಸಿರಲಿಲ್ಲ.