ಬಾಣಂತಿ ಕೋಣೆಗೆ ಎರಡು ಹಸಿರು

ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ, ನಾನು ಅಜ್ಜಿಯಾದೆ. ಮೂಗು ನನ್ನದೇ. ಯಾರು ಏನೇ ಅನ್ನಲಿ, ನನ್ನದೇ.

ಚೊಚ್ಚಲ ಬಾಣಂತನ ತವರಿನದು. ಆಸ್ಪತ್ರೆಯಿಂದ ಕೂಸು ನೇರ ಕುಸನೂರಿನ ನಮ್ಮ ಮನೆಗೇ ಬರಬೇಕೆಂದು ತಿಂಗಳುಗಟ್ಟಲೆ ಕಾದವಳು ನಾನು. ಕೋಣೆಗೆ ಹೊಸ ಬಣ್ಣ ಬಳಿಸೋಣ ಅಂದವಳೂ ನಾನೇ, ಯಾಕಾದರೂ ಅಂದೆನೋ. ನಮ್ಮ ಮನೆಯವರು ಜಗತ್ ಸರ್ಕಲ್ಲಿನ ಅಂಗಡಿಯಿಂದ ಸಣ್ಣ ಡಬ್ಬಿಗಳನ್ನು ತಂದು ಗೋಡೆಗೆ ಎರಡು ಪಟ್ಟಿ ಬಳಿದರು. ಕೆಲಸ ಅಲ್ಲಿಗೇ ನಿಂತಿತು. ಅವರ ಪ್ರಕಾರ ಒಂದು ಎಳೆ ಜೋಳದ ಎಲೆ, ಇನ್ನೊಂದು ಹೆಸರುಕಾಳು. ನನ್ನ ಕಣ್ಣಿಗೆ ಒಬ್ಬಳೇ ಹುಡುಗಿ ಸೀರೆ ಬದಲಿಸದೆ ಮತ್ತೆ ಬಂದು ನಿಂತಂತಿತ್ತು. ಇವರು ಜೋಳ ಅಂದರೆ ಅಳಿಯ ಹೆಸರುಕಾಳು ಅಂದ. ಬಿಸಿಲಲ್ಲಿ ನೋಡಬೇಕಂತೆ, ಟ್ಯೂಬ್‌ಲೈಟ್ ಹಾಕಿ ನೋಡಬೇಕಂತೆ, ಕಿಟಕಿ ಮುಚ್ಚಿ ನೋಡಬೇಕಂತೆ. ಪೇಂಟರ್ ಬಂದು ಬಂದು ಚಹಾ ಕುಡಿದು ಹೋದ.

ಮಗಳನ್ನು ಕರೆತರುವ ದಿನವೇ ಬಂತು. ಅವತ್ತು ಇವರಿಗೆ ಅವಸರ ಹುಟ್ಟಿತು, ಯಾವುದೋ ಒಂದು ಹಸಿರಾಗಲಿ ಅಂತ ದೊಡ್ಡ ಡಬ್ಬಿ ತರಿಸಿದರು. ಪೇಂಟರ್ ದೊಡ್ಡ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಕಮಲಾಪುರದಿಂದ ಮಗಳ ಅತ್ತೆ, ನನ್ನ ಬೀಗತಿ, ಬಂದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

"ಹಸಿ ಬಣ್ಣದ ಕೋಣ್ಯಾಗ ಹಸಿ ಬಾಣಂತಿ ಹೆಂಗ ಮಲಗ್ತಾಳ್ರಿ? ಇದು ಒಣಗೋತನ ತಾಯಿ-ಕೂಸು ನಮ್ಮೂರಾಗ ಇರ್ಲಿ, ಗಾಡಿ ಹೊರಗ ನಿಂತದ. ಅಲ್ರಿ, ದಿನಾ ಕೆಂಡದ ಮ್ಯಾಲ ಅಜವಾನ, ಬಳ್ಳೊಳ್ಳಿ ಸಿಪ್ಪಿ ಹಾಕಿ ಹೊಗಿ ಹಿಡಿಯೋರಿದ್ದೀರಿ. ಯಾವ ಹಸರಾದ್ರೇನು, ಕರ್ರಗ ಆಗೂದೇ."

ಅಜವಾನ ಕೇರಿ ಡಬ್ಬಿ ತುಂಬಿಟ್ಟವಳು ನಾನೇ, ನನಗೇ ಹೊಗೆಯ ನೆನಪಿರಲಿಲ್ಲ. ಈ ಜೋಳ, ಹೆಸರುಕಾಳಿನ ಗದ್ದಲದಲ್ಲಿ ತಲೆ ಕೆಟ್ಟಿತ್ತು. ಪೇಂಟರನ ಕೈಯಿಂದ ಬ್ರಷ್ ಕಸಿದುಕೊಂಡೆ.

"ಮುಚ್ಚಪ್ಪಾ ಡಬ್ಬಿ. ಬಾಣಂತನ ಮುಗದ ಮ್ಯಾಲ ಬಣ್ಣ. ನನ್ನ ಮಗಳು ಇವತ್ತ ಇಲ್ಲೇ ಮಲಗ್ತಾಳ."

ಹಾಗಾದರೆ ಈ ಪಟ್ಟಿಗಳು ಹೀಗೇ ಇರಬೇಕೇ ಅಂತ ಇವರು ಗೊಣಗಿದರು. ಬೇಕಾದರೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿ ಅಂದೆ. ಬೀಗತಿ ನಕ್ಕು, ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ ಮಗಳನ್ನೂ ಕೂಸನ್ನೂ ನಮ್ಮ ಮನೆಗೇ ಕರೆತಂದರು.

ಸಂಜೆ ಕೋಣೆಯ ಬಾಗಿಲ ಹೊರಗೆ ಚಾಪೆ ಹಾಸಿ ಇವರು, ಅಳಿಯ, ಬೀಗತಿ, ನಾನು ಕೂತೆವು. ಒಳಗೆ ಮಂಚದ ಮೇಲೆ ಮಗಳಿಗೆ ಬಿಸಿ ಅನ್ನ, ತುಪ್ಪ. ಹೊರಗೆ ನಮಗೆ ರೊಟ್ಟಿ, ಪುಂಡಿಪಲ್ಯ, ಬೀಗತಿ ತಂದ ಕೆಂಪು ಬಾಳೆಹಣ್ಣು. ನಡುವೆ ಕೂಸು ಅತ್ತಿತು. ತುತ್ತು ಬಿಟ್ಟು ಎದ್ದ ಮೂವರನ್ನೂ ಗದರಿಸಿ ಕೂರಿಸಿ, ತಾಟಿಗೆ ಇನ್ನೊಂದೊಂದು ರೊಟ್ಟಿ ಹಾಕಿದೆ.